ತಮ್ಮನ ಮಗನಿಗೆ, ಮಾಣಿಯ ಉಸಿರು ಮರಳಿದ ಮೇಲೆ

ಶಿರಸಿ ತಾಲ್ಲೂಕು
ಆಶ್ವಯುಜ ಮಾಸ

ಚಿರಂಜೀವಿ ಅಪ್ಪಿಗೆ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ದೊಡ್ಡಾಯಿಯೂ ಕ್ಷೇಮ.

ಕಾರವಾರದಿಂದ ನೀನು ಬರೆದ ಕಾಗದ ನಿನ್ನೆ ಕೈಸೇರಿತು. ಅಂದು ಫೋನಿನಲ್ಲಿ ನಿನ್ನ ಬಾಯಿಂದ ಪೂರ್ತಿ ಮಾತೇ ಹೊರಟಿರಲಿಲ್ಲ. ಏನು ನಡೆಯಿತೆಂಬುದು ನಮಗೆ ಸರಿಯಾಗಿ ತಿಳಿದದ್ದು ಈ ಕಾಗದದಿಂದಲೇ. ಹನ್ನೊಂದು ತಿಂಗಳ ಮಾಣಿಯ ಗಂಟಲಿಗೆ ಶೇಂಗಾಬೀಜ ಸಿಕ್ಕಿ, ಅಳಲೂ ಆಗದೆ ಕೆಮ್ಮಲೂ ಆಗದೆ ಅವನ ತುಟಿ ನೀಲಿಗಟ್ಟಿದ್ದನ್ನು, ನಿನ್ನ ಹೆಂಡತಿಯ ಕೂಗು ಕೇಳಿ ಪಕ್ಕದ ಮನೆಯ ಅಂಗನವಾಡಿ ಅಕ್ಕೋರು ಓಡಿಬಂದು ಅವನನ್ನು ತೋಳಿನ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಬಡಿದದ್ದನ್ನು, ಬೀಜ ಹೊರಗೆ ಬಿದ್ದು ಅವನು ಗಟ್ಟಿಯಾಗಿ ಅತ್ತದ್ದನ್ನು ಓದುತ್ತಿದ್ದಂತೆ ನಿನ್ನ ದೊಡ್ಡಾಯಿ ದೇವರ ಮುಂದೆ ದೀಪ ಹಚ್ಚಿ ಬಂದಳು. ಮಗುವಿನ ಅಳು ಇಷ್ಟು ಸಂತೋಷ ಕೊಟ್ಟೀತೆಂದು ಎಂದೂ ಎಣಿಸಿರಲಿಲ್ಲ ಎಂದು ನೀನು ಬರೆದಿರುವುದು ನಿಜ. ಆ ಸಂತೋಷವನ್ನು ಮುಚ್ಚಿಡಬೇಡ, ಅತ್ತದ್ದಕ್ಕೆ ನಾಚಬೇಡ. ತಂದೆಯಾದವನಿಗೆ ಅದಕ್ಕಿಂತ ದೊಡ್ಡ ಪ್ರಸಾದವಿಲ್ಲ.

ಆದರೆ ನಿನ್ನ ಕಾಗದದ ಮೊದಲ ಪುಟದಲ್ಲಿ ದೇವರಿಗೆ, ಅಕ್ಕೋರಿಗೆ, ವಿಧಿಗೆ ಕೈಮುಗಿದಿರುವ ನೀನು ಎರಡನೆಯ ಪುಟದಲ್ಲಿ ನಿನ್ನನ್ನು ಹೆತ್ತ ಆಯಿಯ ಮೇಲೆ ಸಿಟ್ಟಾಗಿದ್ದೀಯ. ಉಪಕಾರದ ನೆನಪೂ ದೂರುವ ಮಾತೂ ಒಂದೇ ಮನೆಯಲ್ಲಿ ಬಹಳ ದಿನ ಒಟ್ಟಿಗೆ ಇರಲಾರವು ಎಂಬುದನ್ನು ಹೇಳುವುದಕ್ಕಾಗಿಯೇ ಈ ಉತ್ತರವನ್ನು ಬರೆಯಲು ಕುಳಿತಿದ್ದೇನೆ. ಅದಕ್ಕೆ ಮೊದಲು ಮಾಣಿಯ ವಿಷಯ.

ಅಂದೇ ಆಸ್ಪತ್ರೆಗೆ ಕರೆದೊಯ್ದು ಮಕ್ಕಳ ವೈದ್ಯರಿಗೆ ತೋರಿಸಿಕೊಂಡು ಬಂದೆ ಎಂದು ಬರೆದಿರುವುದು ಸಮಾಧಾನದ ಸಂಗತಿ. ಆದರೂ ಮುಂದಿನ ಕೆಲವು ವಾರ ಅವನ ಉಸಿರಾಟದ ಮೇಲೆ ಕಣ್ಣಿಟ್ಟಿರಬೇಕು. ಕಣ್ಣೆದುರು ಒಂದು ತುಂಡು ಹೊರಗೆ ಬಿದ್ದರೂ ಇನ್ನೊಂದು ಸಣ್ಣ ಚೂರು ಒಳಗೆ ಜಾರಿರಬಹುದು. ಶ್ವಾಸನಾಳ ಎದೆಯಲ್ಲಿ ಎರಡು ಕವಲಾಗುವಲ್ಲಿ ಬಲಗಡೆಯ ಕವಲು ಹೆಚ್ಚು ಅಗಲವಾಗಿಯೂ ನೆಟ್ಟಗೂ ಇರುವುದರಿಂದ ಇಂಥ ಚೂರುಗಳು ಹೆಚ್ಚಾಗಿ ಅಲ್ಲಿಗೆ ಇಳಿಯುತ್ತವೆ. ಶೇಂಗಾದ ಚೂರು ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ಆದರೆ ಒಳಗೆ ಉಳಿದರೆ ನೀರು ಹೀರಿ ಉಬ್ಬುತ್ತದೆ, ಅದರ ಎಣ್ಣೆಯಂಶದಿಂದ ಸುತ್ತಲಿನ ಪದರ ಕೆರಳಿ ಬಾವು ಬರುತ್ತದೆ. ಬಿಡದ ಕೆಮ್ಮು, ಉಸಿರಿನಲ್ಲಿ ಸುಂಯ್‌ಗುಟ್ಟುವ ಸದ್ದು, ಮತ್ತೆ ಮತ್ತೆ ಬರುವ ಜ್ವರ ಕಂಡರೆ ಅದನ್ನು ಹವಾಮಾನದ ಶೀತವೆಂದು ತಳ್ಳಿಹಾಕದೆ, ಕಷಾಯ ಕುಡಿಸುತ್ತ ಕೂರದೆ, ಶೇಂಗಾ ಸಿಕ್ಕಿದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸು. ಅದನ್ನು ಕೇಳದೆ ಅವರು ಸಾಮಾನ್ಯ ಕೆಮ್ಮಿನ ಔಷಧ ಕೊಟ್ಟು ಕಳಿಸಿದರೆ ತಪ್ಪು ಅವರದಾಗುವುದಿಲ್ಲ. ಅಗತ್ಯ ಬಿದ್ದರೆ ಶ್ವಾಸನಾಳಕ್ಕೆ ದುರ್ಬೀನು ಇಳಿಸಿ ಚೂರನ್ನು ತೆಗೆಯುವ ವಿಧಾನವಿದೆ, ಹೆದರುವ ಕಾರಣವಿಲ್ಲ.

ಇನ್ನು ಅಕ್ಕೋರ ಮಾತು. ಅವರಿಗೆ ಒಂದು ರೇಷ್ಮೆ ಸೀರೆ ಉಡುಗೊರೆಯಾಗಿ ಕಳಿಸೋಣವೇ ಎಂದು ಕೇಳಿದ್ದೀಯ. ಸೀರೆ ಕೊಡು, ಆದರೆ ಕಳಿಸಬೇಡ. ನೀನೂ ನಿನ್ನ ಹೆಂಡತಿಯೂ ಸಂಜೆ ಅವರು ಕೆಲಸ ಮುಗಿಸಿ ಮನೆಗೆ ಬಂದ ಹೊತ್ತಿಗೆ ಮಾಣಿಯನ್ನು ಎತ್ತಿಕೊಂಡು ಹೋಗಿ, ಅವನನ್ನು ಅವರ ಮಡಿಲಲ್ಲಿ ಕೂರಿಸಿ, ಆಮೇಲೆ ಸೀರೆ ಕೊಡಿ. ನಮ್ಮಲ್ಲಿ ಅನೇಕರು ಅಂಗನವಾಡಿಯ ಹೆಂಗಸರನ್ನು ಪೌಷ್ಟಿಕ ಆಹಾರದ ಪೊಟ್ಟಣ, ಪೋಲಿಯೋ ಹನಿ, ಸಮೀಕ್ಷೆಯ ಪಟ್ಟಿ ಇಷ್ಟರಲ್ಲೇ ಗುರುತಿಸುತ್ತೇವೆ. ಊರಿನ ಎಳೆಯ ಮಕ್ಕಳನ್ನೆಲ್ಲ ಹೆಸರು ಹಿಡಿದು ಬಲ್ಲ ಈ ಹೆಂಗಸರಿಗೆ ಸಲ್ಲಬೇಕಾದ ಮರ್ಯಾದೆ ಇನ್ನೂ ಸಂದಿಲ್ಲವೆಂಬುದು ನನ್ನ ಬಹುಕಾಲದ ಅಭಿಪ್ರಾಯ.

ಸೀರೆ ಕೊಟ್ಟ ಮೇಲೆ ಅವರಲ್ಲಿ ಒಂದು ಬೇಡಿಕೆಯನ್ನೂ ಇಡು: ತಾವು ಮಾಡಿದ್ದೇನೆಂಬುದನ್ನು ನಿಧಾನವಾಗಿ, ಒಂದು ಗೊಂಬೆಯನ್ನು ಹಿಡಿದು, ನಿಮ್ಮ ಮನೆಯ ಎಲ್ಲರಿಗೂ ತೋರಿಸಿಕೊಡಲಿ. ಅವರು ಮಾಡಿದ್ದು ಗಾಬರಿಯ ಬಡಿತವಲ್ಲ, ಕಲಿತ ವಿದ್ಯೆ. ಒಂದು ವರ್ಷ ತುಂಬದ ಕೂಸಾದರೆ ತಲೆ ಎದೆಗಿಂತ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ದವಡೆಗೆ ಕೈಯ ಆಸರೆ ಕೊಟ್ಟು, ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಡಿಯಬೇಕು. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವಿನ ಎಲುಬಿನ ಮೇಲೆ, ಮೊಲೆತೊಟ್ಟುಗಳ ಗೆರೆಗಿಂತ ತುಸು ಕೆಳಗೆ ಐದು ಸಲ ಒತ್ತಬೇಕು. ವಸ್ತು ಹೊರಬರುವವರೆಗೆ ಅಥವಾ ಮಗು ಅಳುವವರೆಗೆ ಇದನ್ನೇ ಒಂದಾದ ಮೇಲೊಂದು ಮಾಡುತ್ತಿರಬೇಕು, ಇನ್ನೊಬ್ಬರು ಅಷ್ಟರಲ್ಲಿ 108ಕ್ಕೋ 112ಕ್ಕೋ ಕರೆ ಮಾಡಬೇಕು. ಎಳೆಗೂಸಿನ ಹೊಟ್ಟೆಯನ್ನು ಮಾತ್ರ ಒತ್ತಲೇಬಾರದು, ಒಳಗಿನ ಯಕೃತ್ತಿಗೆ ಏಟಾಗಬಹುದು. ವರ್ಷ ದಾಟಿದ ಮಕ್ಕಳಿಗೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಒತ್ತುವ ಕ್ರಮ ಬೇರೆಯೇ ಇದೆ. ಇನ್ನೊಂದು ತಿಂಗಳಲ್ಲಿ ಮಾಣಿ ಆ ಲೆಕ್ಕಕ್ಕೆ ಸೇರುವುದರಿಂದ ಅದನ್ನೂ ಈಗಲೇ ಕಲಿತಿರಿ. ಮಗು ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಬಾಯಿಯಿಂದ ಉಸಿರು ಕೊಡುವ ಕ್ರಮವನ್ನು ಬಲ್ಲವರ ಕೈಕೆಳಗೆ ಅಭ್ಯಾಸ ಮಾಡಿಯೇ ತಿಳಿಯಬೇಕು, ಕಾಗದದಿಂದ ಕಲಿಯುವ ವಿದ್ಯೆ ಅದಲ್ಲ.

ನಮ್ಮ ಹಿರಿಯರ ಕಾಲದಿಂದ ನಡೆದುಬಂದ ಕೆಲವು ರೂಢಿಗಳನ್ನು ಬಿಡಬೇಕು. ಗಂಟಲಿಗೆ ಸಿಕ್ಕಿದ ಕೂಡಲೇ ನೀರು ಕುಡಿಸುವುದು, ಬಾಳೆಹಣ್ಣನ್ನೋ ಅನ್ನದ ಉಂಡೆಯನ್ನೋ ನುಂಗಿಸುವುದು, ಕಾಲು ಹಿಡಿದು ತಲೆಕೆಳಗಾಗಿ ಕುಲುಕುವುದು, ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡುವುದು, ಇವೆಲ್ಲ ಸಿಕ್ಕಿದ್ದನ್ನು ಇನ್ನಷ್ಟು ಒಳಕ್ಕೆ ತಳ್ಳಬಹುದು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕೆಮ್ಮು ನಿಂತು ಸದ್ದಡಗಿದಾಗಲೇ ನಮ್ಮ ಕೈಗೆ ಕೆಲಸ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಉಸಿರು ನಿಂತು ನಾಲ್ಕರಿಂದ ಆರು ನಿಮಿಷ ಕಳೆಯುವಷ್ಟರಲ್ಲಿ ಮಿದುಳು ಕೆಡತೊಡಗುತ್ತದೆ. ನೀನಿರುವುದು ಪೇಟೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯೂ ಊರಲ್ಲೇ ಇದೆ. ಆದರೂ ಅಷ್ಟು ಹೊತ್ತಿನಲ್ಲಿ ನೀನು ಮಗುವನ್ನು ಎತ್ತಿಕೊಂಡು ರಸ್ತೆಗೆ ಇಳಿದಿರುತ್ತೀಯ ಅಷ್ಟೆ. ಘಟ್ಟದ ಮೇಲಿನ ನಮ್ಮ ಕೇರಿಗಳಲ್ಲಿ ಮನೆಯಿಂದ ಡಾಂಬರು ರಸ್ತೆ ಮುಟ್ಟುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಸುಸಜ್ಜಿತ ದೊಡ್ಡ ಆಸ್ಪತ್ರೆಯೊಂದು ಬೇಕೆಂದು ನಮ್ಮ ಜಿಲ್ಲೆಯವರು ವರ್ಷಗಳಿಂದ ಕೇಳುತ್ತಿದ್ದಾರೆ, ಅದು ನ್ಯಾಯವಾದ ಬೇಡಿಕೆ. ಆದರೆ ಗಂಟಲಿಗೆ ಸಿಕ್ಕಿದ ಬೀಜಕ್ಕೆ ಯಾವ ಆಸ್ಪತ್ರೆಯೂ ಸಮಯಕ್ಕೆ ಒದಗುವುದಿಲ್ಲ, ಮನೆಯಲ್ಲಿರುವವರ ಎರಡು ಕೈಗಳೇ ಒದಗಬೇಕು. ಅಕ್ಕೋರು ಅಂದು ಮನೆಯಲ್ಲಿದ್ದರು. ಮುಂದಿನ ಸಲ ಇರದಿರಬಹುದು.

ಈಗ ಆಯಿಯ ಮಾತಿಗೆ ಬರುತ್ತೇನೆ. ಅವಳು ಚಟ್ನಿಪುಡಿಗೆಂದು ಶೇಂಗಾ ಹುರಿದು ಸಿಪ್ಪೆ ತೆಗೆಯುತ್ತ ನೆಲದ ಮೇಲೆ ಕೂತಿದ್ದಳು, ಒಲೆಯ ಮೇಲೆ ಹಾಲು ಉಕ್ಕುವ ಸದ್ದಿಗೆ ಎದ್ದು ಹೋದಳು, ಅಷ್ಟರಲ್ಲಿ ಮಾಣಿ ಅಂಬೆಗಾಲಿಟ್ಟು ಮೊರದ ಹತ್ತಿರ ಬಂದ. ಇದಿಷ್ಟೇ ನಡೆದದ್ದು. ನೀನು ಆ ಗಾಬರಿಯಲ್ಲಿ "ನಿನ್ನ ಕೈಯಲ್ಲಿ ಮಗುವನ್ನು ಬಿಡುವಂತಿಲ್ಲ" ಎಂದು ಹೇಳಿದೆ. ಅಂದಿನಿಂದ ಅವಳು ಮಾಣಿಯನ್ನು ಎತ್ತಿಕೊಳ್ಳುತ್ತಿಲ್ಲ, ಸರಿಯಾಗಿ ಉಣ್ಣುತ್ತಿಲ್ಲ ಎಂದು ನೀನೇ ಬರೆದಿದ್ದೀಯ. ಅಪ್ಪೀ, ಅದೇ ಹಾಲು ಉಕ್ಕುವ ಸದ್ದಿಗೆ ನಿನ್ನ ಹೆಂಡತಿ ಎದ್ದು ಹೋಗಿದ್ದರೂ ಹೀಗೇ ಆಗುತ್ತಿತ್ತು, ನೀನು ಎದ್ದು ಹೋಗಿದ್ದರೂ ಹೀಗೇ ಆಗುತ್ತಿತ್ತು. ತೆವಳಲು ಕಲಿತ ಮಗು ಕಂಡದ್ದನ್ನೆಲ್ಲ ಬಾಯಿಗಿಟ್ಟೇ ಲೋಕವನ್ನು ಅರಿಯುತ್ತದೆ. ಅದರ ಶ್ವಾಸನಾಳ ಅದರದೇ ಕಿರುಬೆರಳಿನಷ್ಟು ಸಪೂರ. ಮುಂದಿನ ಹಲ್ಲುಗಳು ಬಂದಿದ್ದರೂ ಅರೆಯುವ ದವಡೆಹಲ್ಲುಗಳು ಬರುವುದು ವರ್ಷ ತುಂಬಿದ ಮೇಲೆಯೇ. ಆದ್ದರಿಂದ ಶೇಂಗಾವನ್ನು ಅದು ಕಚ್ಚಿ ತುಂಡು ಮಾಡಬಲ್ಲದೇ ಹೊರತು ಅರೆಯಲಾರದು.

ನಾನು ಚಿಕ್ಕವನಿದ್ದಾಗ ನಮ್ಮ ಕೇರಿಯ ಒಂದು ಮನೆಯಲ್ಲಿ ಹಲಸಿನ ಬೇಳೆ ಗಂಟಲಿಗೆ ಸಿಕ್ಕಿ ಒಂದು ಹೆಣ್ಣುಕೂಸು ಉಳಿಯಲಿಲ್ಲ. ಬೇಳೆ ಬೇಯಿಸಿದ್ದು ಅದರ ಅಜ್ಜಿ. ಆ ಮನೆಯವರು ಕೆಟ್ಟವರೇನೂ ಆಗಿರಲಿಲ್ಲ. ಆದರೆ ದುಃಖ ತಡೆಯಲಾರದೆ ಒಬ್ಬೊಬ್ಬರೂ ಒಂದೊಂದು ಮಾತು ಆಡಿದರು. ಆ ಅಜ್ಜಿ ತಾನು ಸಾಯುವವರೆಗೂ ಹಲಸಿನ ಹಣ್ಣನ್ನು ಮುಟ್ಟಲಿಲ್ಲ, ಆ ಮನೆಯಲ್ಲಿ ಆಮೇಲೆ ಹುಟ್ಟಿದ ಯಾವ ಮಗುವನ್ನೂ ಎತ್ತಿಕೊಳ್ಳಲಿಲ್ಲ. ಹಾಗೆ ಮಾಡಿದ್ದರಿಂದ ಹೋದ ಕೂಸು ತಿರುಗಿ ಬರಲಿಲ್ಲ, ಉಳಿದ ಮಕ್ಕಳಿಗೆ ಅಜ್ಜಿಯ ಮಡಿಲೂ ಇಲ್ಲವಾಯಿತು. ನಿನ್ನ ಮಾಣಿ ಬದುಕಿ ನಿನ್ನ ಎದುರಿಗೇ ಆಡುತ್ತಿದ್ದಾನೆ. ಹೋದ ಮಗುವಿನ ಮನೆಯಲ್ಲಿ ನಡೆದದ್ದು ಬದುಕಿದ ಮಗುವಿನ ಮನೆಯಲ್ಲಿ ಏಕೆ ನಡೆಯಬೇಕು? ನಿನ್ನನ್ನೂ ನಿನ್ನ ತಂಗಿಯರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ ಕೈ ಅದು. ಆಡಿದ ಮಾತನ್ನು ನೀನು ಹಿಂದಕ್ಕೆ ತೆಗೆದುಕೊಂಡೆ ಎಂದು ಅವಳಿಗೆ ಬಾಯಿಬಿಟ್ಟು ಹೇಳು. ಅವಳಾಗಿಯೇ ಮರೆತಾಳೆಂದು ಕಾಯಬೇಡ, ಹೆಂಗಸರು ಇಂಥದ್ದನ್ನು ಮರೆಯುವುದಿಲ್ಲ. ಹೇಳಿದ ಮೇಲೆ ಮಾಣಿಯನ್ನು ಅವಳ ಕೈಗೆ ಕೊಟ್ಟು ನೀನು ಒಂದು ಗಳಿಗೆ ಹೊರಗೆ ಹೋಗಿ ಬಾ. ಅಕ್ಕೋರು ಕಲಿಸಲು ಬಂದಾಗ ಗೊಂಬೆಯನ್ನು ಮೊದಲು ಅವಳ ಕೈಗೇ ಕೊಡಿಸು. ದಿನದ ಹೆಚ್ಚು ಹೊತ್ತು ಮಾಣಿಯೊಡನೆ ಇರುವವಳು ಅವಳಾದ್ದರಿಂದ ಆ ವಿದ್ಯೆ ಎಲ್ಲರಿಗಿಂತ ಅವಳಿಗೇ ಬೇಕು.

ಮನೆಯ ವ್ಯವಸ್ಥೆಯನ್ನು ಬದಲಿಸುವುದು ಇದಕ್ಕಿಂತ ಸುಲಭದ ಕೆಲಸ. ಶೇಂಗಾ, ಗೇರುಬೀಜ, ಬಟಾಣಿ, ಹುಣಸೆಬೀಜ ಮೊದಲಾದವನ್ನು ಆರಿಸುವುದು, ಸುಲಿಯುವುದು ಇನ್ನು ಮೇಜಿನ ಮೇಲೆಯೇ ನಡೆಯಲಿ. ಮಗುವಿಗೆ ನಾಲ್ಕೈದು ವರ್ಷ ತುಂಬುವವರೆಗೆ ಇಡಿ ಶೇಂಗಾ, ಇಡಿ ಗೇರುಬೀಜ ಕೊಡಬಾರದು. ನುಣ್ಣಗೆ ಪುಡಿ ಮಾಡಿ ಗಂಜಿಗೆ ಸೇರಿಸಿದರೆ ಅಡ್ಡಿಯಿಲ್ಲ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಬೇಕು. ಹಸಿ ಕಾಯಿಯ ಹೋಳು, ಹಸಿ ಗಜ್ಜರಿ ಬೇಡ. ಕೂರಿಸಿಕೊಂಡೇ ಉಣ್ಣಿಸಬೇಕು, ಆಡುತ್ತ ತೆವಳುತ್ತ ಇರುವಾಗ ಬಾಯಿಗೆ ತುತ್ತು ಇಡುವ ನಮ್ಮ ಪ್ರೀತಿಯ ರೂಢಿಯನ್ನು ನಿಲ್ಲಿಸಬೇಕು. ಆಟಿಕೆಗಳಲ್ಲಿ, ರಿಮೋಟಿನಲ್ಲಿ ಇರುವ ಗುಂಡಿಯಂಥ ಚಪ್ಪಟೆ ಬ್ಯಾಟರಿಯ ಬಗ್ಗೆ ವಿಶೇಷ ಎಚ್ಚರವಿರಲಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು.

ನೀವು ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಇಲ್ಲಿಗೆ ಬರುವವರಾದ್ದರಿಂದ ನಮ್ಮ ಮನೆಯನ್ನೂ ಸಿದ್ಧಪಡಿಸುತ್ತಿದ್ದೇನೆ. ನಮ್ಮ ಸೀಮೆಯ ಹೆಚ್ಚಿನ ಮನೆಗಳ ಜಗಲಿಯಲ್ಲಿ ಮಗುವಿನ ಕೈಗೆ ಎಟಕುವಷ್ಟು ಎತ್ತರದಲ್ಲೇ ಕವಳದ, ಅಂದರೆ ಎಲೆಯಡಿಕೆಯ, ತಟ್ಟೆ ಇರುತ್ತದೆ. ಬಂದವರಿಗೆ ಕವಳ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ಆ ಒಂದು ತಟ್ಟೆಯಲ್ಲಿ ಎಳೆಮಗುವಿಗೆ ಆಗಬಹುದಾದ ಅಪಾಯಗಳೆಲ್ಲ ಒಟ್ಟುಗೂಡಿರುತ್ತವೆ. ಅಡಿಕೆಯ ಹೋಳು ಶೇಂಗಾದಂತೆಯೇ ಗಂಟಲಿಗೆ ಸಿಗುತ್ತದೆ. ತಂಬಾಕಿನ ಎಸಳು ಸ್ವಲ್ಪವೇ ಹೊಟ್ಟೆಗೆ ಹೋದರೂ ವಿಷವಾಗುತ್ತದೆ. ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಮಕ್ಕಳು ಸುಣ್ಣದ ಪೊಟ್ಟಣವನ್ನು ಹಿಸುಕಿ ಕಣ್ಣು ಕಳೆದುಕೊಂಡದ್ದನ್ನು ಕಣ್ಣಿನ ವೈದ್ಯರು ಎಷ್ಟೋ ಕಂಡಿದ್ದಾರೆ. ಹೀಗಾಗಿ ನಮ್ಮ ಕವಳದ ತಟ್ಟೆ ಈಗ ಗೋಡೆಯ ಎತ್ತರದ ಗೂಡಿಗೆ ಏರಿದೆ, ಬಂದವರಿಗೆ ಅಲ್ಲಿಂದಲೇ ತೆಗೆದು ಕೈಗೆ ಕೊಡುತ್ತೇನೆ. ಅಡಿಕೆಯ ಕೊಳೆರೋಗದ ಔಷಧಕ್ಕೆ ತಂದು ಉಳಿದ ಮೈಲುತುತ್ತದ ಚೀಲವನ್ನು ಬೀಗ ಹಾಕುವ ಕೋಣೆಗೆ ಸಾಗಿಸಿದ್ದೇನೆ. ಆ ನೀಲಿ ಹರಳು ದೊಡ್ಡವರ ಕಣ್ಣಿಗೇ ಚಂದ ಕಾಣುತ್ತದೆ, ಮಗುವಿಗೆ ಕೇಳಬೇಕೆ? ಬಚ್ಚಲುಮನೆಯ ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿಸುವ ಕೆಲಸ ಈ ವಾರ ಮುಗಿಯುತ್ತದೆ. ಅಡಿಕೆಗೊನೆಗಳ ಕೊಯ್ಲು ಶುರುವಾಗಿ ಅಂಗಳದ ತುಂಬ ಅಡಿಕೆ ಹರಡುವ ಮೊದಲೇ ನೀವು ಬಂದು ಹೋಗುವುದು ಒಳ್ಳೆಯದು.

ಹರಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದ್ದೀಯ. ಇಡಗುಂಜಿಗೆ ಹೋಗಿ ಗಣಪತಿಗೆ ಪಂಚಕಜ್ಜಾಯದ ಸೇವೆ ಮಾಡಿಸಿದರೆ ಸಾಕು. ದೊಡ್ಡ ಹೋಮ ಇಟ್ಟುಕೊಂಡು ಸಾಲ ಮಾಡುವುದು ಬೇಡ. ಹೋಗುವಾಗ ಆಯಿಯನ್ನು ಕರೆದುಕೊಂಡು ಹೋಗು. ಸಂಕಲ್ಪ ಅವಳ ಸಮ್ಮುಖದಲ್ಲೇ ಆಗಲಿ. ಪ್ರಸಾದವನ್ನು ಮಾಣಿಯ ತುಟಿಗೆ ಮುಟ್ಟಿಸಿದರೆ ಸಾಕು, ತಿನ್ನಿಸಬೇಡಿ.

ನಿನ್ನ ಆಯಿಗೆ ನಾನು ಬೇರೆಯೇ ಕಾಗದ ಬರೆದು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಅದನ್ನು ನೀನು ಓದದೆ ಅವಳ ಕೈಗೆ ಕೊಡು. ನಿನ್ನ ದೊಡ್ಡಾಯಿ ಅವಳೊಡನೆ ಮಾತಾಡಬೇಕೆಂದು ಕಾಯುತ್ತಿದ್ದಾಳೆ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಫೋನು ಮಾಡಿಕೊಡು. ದೊಡ್ಡಹಬ್ಬಕ್ಕೆ ಬರುವಾಗ ಬಸ್ಸಿಗಿಂತ ಕಾರಿನಲ್ಲಿ ಬರುವುದೇ ಅನುಕೂಲ; ಯಾವ ದಿನ ಹೊರಡುತ್ತೀರೆಂದು ಮುಂಚಿತವಾಗಿ ತಿಳಿಸಿದರೆ ಕುಮಟಾದವರೆಗೆ ಇಲ್ಲಿಂದಲೇ ಒಂದು ಗಾಡಿ ಕಳಿಸುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ