ಅಮ್ಮನ ಕೈ ಮಡಚಿದಲ್ಲೇ ಕೂರದಿರಲಿ

ಬರ್ಮಿಂಗ್‌ಹ್ಯಾಮ್

ಪ್ರೀತಿಯ ಅಕ್ಕನಿಗೆ,

ಫೋಟೋಗಳೂ ಡಿಸ್ಚಾರ್ಜ್ ಚೀಟಿಯೂ ತಲುಪಿದವು. ಅಮ್ಮನ ಸುಟ್ಟ ಬಲಗೈಗೆ ಕಸಿ ಮಾಡಿದ ಚರ್ಮ ಚೆನ್ನಾಗಿ ಹಿಡಿದಿದೆ, ಹಸಿ ಗಾಯ ಎಲ್ಲೂ ಕಾಣುತ್ತಿಲ್ಲ. ಆದರೆ ಎಲ್ಲ ಫೋಟೋಗಳಲ್ಲೂ ಅಮ್ಮ ಮೊಣಕೈ ಮಡಚಿ, ತೋಳನ್ನು ಪಕ್ಕೆಗೆ ಅವಚಿಕೊಂಡೇ ಮಲಗಿದ್ದಾಳೆ. ಹಾಗಿದ್ದರೆ ನೋವು ಕಡಿಮೆ, ನಿಜ. ಆದರೆ ಸುಟ್ಟ ಕೈಗೆ ಯಾವ ಭಂಗಿ ಹಿತವೋ ಆ ಭಂಗಿಯಲ್ಲೇ ಅದು ಬಿಗಿದುಕೊಳ್ಳುತ್ತದೆ. ಗಾಯ ಮುಚ್ಚಿದ ಮೇಲೂ ಕಲೆ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ, ನಿದ್ದೆಯಲ್ಲೂ. ಹಾಗಾಗಿ ವ್ಯಾಯಾಮಕ್ಕೂ ಮೊದಲು ಮಲಗುವ ರೀತಿ ಸರಿಮಾಡು.

ಮಂಚದ ಪಕ್ಕ ಅಷ್ಟೇ ಎತ್ತರದ ಮೇಜಿಟ್ಟು, ದಿಂಬಿನ ಮೇಲೆ ತೋಳನ್ನು ಮೈಯಿಂದ 90 ಡಿಗ್ರಿ ಪಕ್ಕಕ್ಕೆ, ತುಸು ಮುಂದಕ್ಕೆ ಇಡಿಸು. ಅದಕ್ಕಿಂತ ಮೇಲೆ ಇಟ್ಟು ಮಲಗಿಸಬೇಡ; ಕಂಕುಳಿನ ನರಗಳು ಎಳೆದು ಬೆರಳು ಜೋಮು ಹಿಡಿಯುತ್ತವೆ. ಮೊಣಕೈ ನೆಟ್ಟಗೆ, ಅಂಗೈ ಮೇಲ್ಮುಖ. ಬಾವು ಇಳಿಯುವ ತನಕ ಹಸ್ತದ ಕೆಳಗೆ ಇನ್ನೊಂದು ದಿಂಬು. ಕೈಗೆ ಕೊಟ್ಟಿರುವ ಸ್ಪ್ಲಿಂಟಿನಲ್ಲಿ (ಕೀಲುಗಳನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಪಟ್ಟಿ) ಬೆರಳ ಬುಡದ ಗೆಣ್ಣುಗಳು ಮಡಚಿ, ಮುಂದಿನವು ನೆಟ್ಟಗಿವೆಯಲ್ಲ, ಅದು ಸರಿಯಾಗೇ ಇದೆ. ಹಸ್ತದ ಹಿಂಬದಿ ಸುಟ್ಟಾಗ ಕಲೆ ಆ ಗೆಣ್ಣುಗಳನ್ನು ಹಿಂದಕ್ಕೆಳೆಯುತ್ತದೆ. ಯಾರೂ ಅದನ್ನು ಚಪ್ಪಟೆ ಮಾಡಕೂಡದು.

ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಡಾಕ್ಟರು ಬರೆದ ನೋವಿನ ಮಾತ್ರೆ ಕೊಡು. ಕಲೆಗೆ ವಾಸನೆಯಿಲ್ಲದ ಕ್ರೀಮ್ ಹಚ್ಚಿ ಮೆತ್ತಗೆ ಮಾಡಿ, ನಿಧಾನಕ್ಕೆ ಹಿಗ್ಗಿಸು. ಹಿಗ್ಗಿಸುವಾಗ ಕೆಂಪು ಕಲೆ ಒಂದು ಹಂತದಲ್ಲಿ ಬೆಳ್ಳಗಾಗುತ್ತದೆ, ದಾರದಂತೆ ಎದ್ದು ನಿಲ್ಲುತ್ತದೆ. ಅಲ್ಲೇ ನಿಲ್ಲಿಸಿ 30 ಸೆಕೆಂಡ್ ಹಿಡಿ. ಸಡಿಲವಾದಂತೆ ಕೈಗೆ ಗೊತ್ತಾದರೆ ಇನ್ನೊಂದು ಚೂರು ಮುಂದೆ. ಒಂದು ಸಲಕ್ಕೆ ಐದಾರು ಬಾರಿ, ದಿನಕ್ಕೆ ನಾಲ್ಕೈದು ಸಲ. ಬೆಳಿಗ್ಗೆ ಅತಿ ಬಿಗಿ ಇರುತ್ತದೆ, ಗಾಬರಿ ಬೇಡ.

ಜಗ್ಗಿ ಎಳೆಯುವ ಕೆಲಸ ಮಾತ್ರ ಬೇಡವೇ ಬೇಡ, ಯಾರು ಹೇಳಿದರೂ. ಚರ್ಮ ಸೀಳುವುದು ಒಂದು ಕಡೆ. ಸುಟ್ಟಗಾಯದವರಿಗೆ ಮೊಣಕೈ ಸುತ್ತ ಬೇಡದ ಮೂಳೆ ಬೆಳೆಯುವ ತೊಂದರೆ ಉಂಟು, ಒತ್ತಾಯದ ಎಳೆತದಿಂದ ಅದು ಹೆಚ್ಚಾಗಬಹುದು. ಮೊಣಕೈ ಬಿಸಿಯಾಗಿ ಊದಿ, ಗೋಡೆಗೆ ತಾಗಿದ ಹಾಗೆ ಒಂದೆಡೆ ಗಟ್ಟಿಯಾಗಿ ನಿಂತರೆ ವ್ಯಾಯಾಮ ನಿಲ್ಲಿಸಿ ಡಾಕ್ಟರಿಗೆ ತೋರಿಸು, ಎಕ್ಸ್‌ರೇ ಬೇಕಾಗುತ್ತದೆ. ಕಿರುಬೆರಳು ಜೋಮು ಹಿಡಿದರೂ ತಡಮಾಡಬೇಡ, ಆ ಬೆರಳಿನ ನರ ಮೊಣಕೈ ಹಿಂದೆಯೇ ಹಾದುಹೋಗುವುದು.

ಒಂದೊಂದೇ ಕೀಲು ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಆದರೆ ಅಮ್ಮನ ಕಲೆ ಕಂಕುಳಿಂದ ಮೊಣಕೈ ದಾಟಿ ಒಂದೇ ಪಟ್ಟಿಯಾಗಿ ಬಂದಿದೆ. ಆದ್ದರಿಂದ ತೋಳು ಮೇಲೆತ್ತಿ, ಮೊಣಕೈ ನೆಟ್ಟಗಿಟ್ಟು, ಅಂಗೈ ತಿರುಗಿಸಿ, ಮೂರನ್ನೂ ಒಟ್ಟಿಗೆ ಮಾಡಿಸಬೇಕು. ಗೋಡೆಗೆ ಪಕ್ಕ ಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಲಿ. ಮುಟ್ಟಿದಲ್ಲಿ ಪೆನ್ಸಿಲ್ ಗುರುತು ಹಾಕು. ನೀನು ಹಿಂದೆ ನಿಂತು ನೋಡು: ಭುಜ ಕಿವಿಗೆ ಏರಿದರೆ ಅಥವಾ ಸೊಂಟ ವಾಲಿದರೆ ಆ ಗುರುತು ಲೆಕ್ಕಕ್ಕಿಲ್ಲ.

ಊಟ ನೀನು ತಿನ್ನಿಸಬೇಡ, ತಲೆ ನೀನು ಬಾಚಬೇಡ. ಅನ್ನ ಕಲಸುವುದು ಬೆರಳಿಗೆ, ಜಡೆ ಹಾಕುವುದು ಭುಜಕ್ಕೆ, ಎರಡೂ ಒಳ್ಳೆಯ ವ್ಯಾಯಾಮ. ಚೆಲ್ಲಿದರೆ ಚೆಲ್ಲಲಿ. ಒಲೆಯ ಹತ್ತಿರ ಮಾತ್ರ ಬಿಡಬೇಡ, ಬಿಸಿನೀರಿನ ಬ್ಯಾಗೂ ಇಡಬೇಡ. ಕಸಿ ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ.

ಪ್ರೆಶರ್ ಗಾರ್ಮೆಂಟ್, ಅಂದರೆ ಕಲೆಯನ್ನು ಒತ್ತಿ ಹಿಡಿಯುವ ಬಿಗಿ ಉಡುಪು, ಅಳತೆ ಕೊಟ್ಟು ಎರಡು ಜೊತೆ ಹೊಲಿಸಿ. ಒಂದು ಒಗೆದಾಗ ಇನ್ನೊಂದು. ದಿನಕ್ಕೆ 23 ಗಂಟೆ ಹಾಕಿರಬೇಕು, ಸ್ನಾನಕ್ಕೆ, ಮಾಲಿಶಿಗೆ ಮಾತ್ರ ಬಿಚ್ಚುವುದು. ಮೂರು ತಿಂಗಳಿಗೆಲ್ಲ ಅದರ ಬಿಗಿ ಹೋಗುತ್ತದೆ, ಮತ್ತೆ ಅಳತೆ ಕೊಡಬೇಕು. ಕಲೆ ಮೆತ್ತಗಾಗಿ, ಚಪ್ಪಟೆಯಾಗಿ, ಕೆಂಪು ಇಳಿಯುವವರೆಗೆ, ಅಂದರೆ ಒಂದರಿಂದ ಎರಡು ವರ್ಷ. ಸೆಖೆಗೆ ಅಮ್ಮ ಬೇಸರಪಟ್ಟುಕೊಳ್ಳುತ್ತಾಳೆ. ಫ್ಯಾನಿನ ಕೆಳಗೆ ಕೂರಿಸು, ಬಿಚ್ಚಲು ಬಿಡಬೇಡ. ಬೆರಳ ತುದಿ ನೀಲಿಯಾದರೆ ಮಾತ್ರ ತಕ್ಷಣ ಬಿಚ್ಚು. ಮಾಲಿಶ್ ಮಾಡುವಾಗ ತಿಕ್ಕಬೇಡ, ಹೊಸ ಚರ್ಮ ಬೊಬ್ಬೆ ಬರುತ್ತದೆ. ಹೆಬ್ಬೆರಳು ಜಾರದಂತೆ ಒತ್ತಿ, ಅಲ್ಲೇ ಸುತ್ತು ತಿರುಗಿಸು.

ಭಾವನಿಗೆ ಹೇಳಿ ಬಾಗಿಲ ಮೇಲೊಂದು ರಾಟೆ ಹಾಕಿಸು, ಎಡಗೈಯಿಂದ ಹಗ್ಗ ಎಳೆದು ಬಲಗೈ ಎತ್ತಲು. ಭಾನುವಾರ ವೀಡಿಯೋ ಕಾಲ್ ಮಾಡುತ್ತೇನೆ, ಗೋಡೆಯ ಗುರುತುಗಳನ್ನು ತೋರಿಸು.

ನಿನ್ನ ತಂಗಿ