ಸಂಶಯಕ್ಕೂ ಒಂದು ಶಿಸ್ತು ಬೇಕು: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ, ಗೌರವಪೂರ್ವಕ ವಂದನೆಗಳು.

ಮಾನವ ವಿಕಾಸವನ್ನು ಕಣ್ಣಾರೆ ಕಂಡವರಿಲ್ಲ, ಆದ್ದರಿಂದ ಅದು ಬರಿಯ ಊಹೆ, ಪಠ್ಯದಲ್ಲಿ ಅದಕ್ಕೆ ಸ್ಥಾನ ಬೇಡ ಎನ್ನುವವರು ತಮ್ಮ ನಿಲುವನ್ನು ವೈಜ್ಞಾನಿಕ ಸಂಶಯವೆಂದು ಕರೆದುಕೊಳ್ಳುತ್ತಿರುವುದರಿಂದ ಈ ಪತ್ರ ಬರೆಯಬೇಕಾಯಿತು. ಸಂಶಯ ತಪ್ಪಲ್ಲ. ಆದರೆ ಯಾವ ಸಾಕ್ಷ್ಯ ಸಿಕ್ಕರೆ ಒಪ್ಪುತ್ತೀರಿ ಎಂಬ ಪ್ರಶ್ನೆಗೆ ಉತ್ತರಿಸಲು ಸಿದ್ಧವಿಲ್ಲದ ಸಂಶಯವನ್ನು ವೈಜ್ಞಾನಿಕ ಎನ್ನಲಾಗದು.

ಒಂದು ನಿದರ್ಶನವನ್ನು ತಾವು ಪರಿಶೀಲಿಸಬೇಕು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳ ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತ 24 ಜೋಡಿ ವರ್ಣತಂತುಗಳಿದ್ದರೆ ನಮ್ಮಲ್ಲಿರುವುದು 23 ಜೋಡಿ. ಎಲ್ಲರಿಗೂ ಮೂಲ ಒಂದೇ ಆಗಿದ್ದಲ್ಲಿ ಆ ಒಂದು ಜೋಡಿ ಏನಾಯಿತು? ಅಷ್ಟೊಂದು ವಂಶವಾಹಿಗಳು ಒಟ್ಟಿಗೇ ಕಳೆದುಹೋಗಿದ್ದರೆ ಜೀವ ಉಳಿಯುತ್ತಿರಲಿಲ್ಲವಾದ್ದರಿಂದ, ಎರಡು ವರ್ಣತಂತುಗಳು ಒಂದಾಗಿ ಬೆಸೆದುಕೊಂಡಿರಬೇಕು ಮತ್ತು ಆ ಬೆಸುಗೆಯ ಗುರುತು ಎಲ್ಲಾದರೂ ಉಳಿದಿರಬೇಕು. ಸಾಮಾನ್ಯವಾಗಿ ತುದಿಗಳಲ್ಲಿರಬೇಕಾದ ಟೆಲೊಮಿಯರ್ ಎಂಬ ಡಿಎನ್‌ಎ ಸರಣಿ ನಮ್ಮ 2ನೇ ವರ್ಣತಂತುವಿನ ಒಳಭಾಗದಲ್ಲಿ ತುದಿಗೆ ತುದಿ ಕೂಡಿಕೊಂಡಂತೆ ಇರುವುದನ್ನು ಸಂಶೋಧಕರು 1991ರಲ್ಲಿ ಪ್ರಕಟಿಸಿದರು. ಕೋಶ ವಿಭಜನೆಗೆ ಬೇಕಾದ ಸೆಂಟ್ರೊಮಿಯರ್ ಎಂಬ ಭಾಗ ಸಾಮಾನ್ಯವಾಗಿ ಒಂದು ವರ್ಣತಂತುವಿಗೆ ಒಂದೇ ಇರುತ್ತದೆ; ಕೆಲಸ ನಿಲ್ಲಿಸಿದ ಎರಡನೆಯ ಸೆಂಟ್ರೊಮಿಯರ್‌ನ ಅವಶೇಷವೂ ಅದರಲ್ಲೇ ಇದೆ. ಈ ಗುರುತುಗಳು ಸಿಗದೆ ಹೋಗಿದ್ದರೆ ಸಿದ್ಧಾಂತವೇ ಇಕ್ಕಟ್ಟಿಗೆ ಸಿಲುಕುತ್ತಿತ್ತು. ಸೋಲುವ ಸಾಧ್ಯತೆಯಿದ್ದ ಪರೀಕ್ಷೆಯಲ್ಲಿ ಗೆದ್ದದ್ದನ್ನು ಊಹೆ ಎನ್ನುವುದು ಹೇಗೆ?

ಪಿಲ್ಟ್‌ಡೌನ್ ಮೋಸದ ಮಾತನ್ನೂ ಕೆಲವರು ಎತ್ತುತ್ತಾರೆ, ಧಾರಾಳವಾಗಿ ಎತ್ತಲಿ. ಮನುಷ್ಯನ ಬುರುಡೆಯ ಜೊತೆಗೆ ಒರಾಂಗುಟಾನ್ ದವಡೆಯನ್ನಿಟ್ಟು, ಅದನ್ನೇ ಮಾನವ ಪೂರ್ವಜನ ಪಳೆಯುಳಿಕೆಯೆಂದು ಬಿಂಬಿಸಿ 1912ರಲ್ಲಿ ಇಂಗ್ಲೆಂಡಿನಲ್ಲಿ ನಡೆಸಿದ ಆ ವಂಚನೆಯನ್ನು ಅನೇಕ ವಿದ್ವಾಂಸರು ದಶಕಗಳ ಕಾಲ ನಂಬಿದ್ದು, ಅದರ ಗುಂಗಿನಲ್ಲಿ ದಕ್ಷಿಣ ಆಫ್ರಿಕಾದ ಟಾಂಗ್‌ನಲ್ಲಿ 1924ರಲ್ಲಿ ದೊರೆತ ನಿಜವಾದ ಪಳೆಯುಳಿಕೆಯನ್ನು ಕಡೆಗಣಿಸಿದ್ದು ನಾಚಿಕೆಗೇಡಿನ ಸಂಗತಿಯೇ. ಆದರೆ 1953ರಲ್ಲಿ ಅದನ್ನು ಬಯಲಿಗೆಳೆದವರು ಮಣ್ಣಿನಲ್ಲಿ ಹೂತಷ್ಟು ಕಾಲ ಮೂಳೆಯಲ್ಲಿ ಸೇರುತ್ತಾ ಹೋಗುವ ಫ್ಲೋರಿನ್‌ನ ಪ್ರಮಾಣವನ್ನು ಅಳೆದು, ಹಲ್ಲುಗಳನ್ನು ಅರದಿಂದ ಉಜ್ಜಿದ ಗೀರುಗಳನ್ನು ಗುರುತಿಸಿದ ವಿಜ್ಞಾನಿಗಳೇ ಹೊರತು ವಿಕಾಸವನ್ನು ಅಲ್ಲಗಳೆಯುವವರಲ್ಲ.

ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯವಿದೆ ಎಂಬುದೂ ನಿಜ. ಇಥಿಯೋಪಿಯಾದಲ್ಲಿ 1974ರಲ್ಲಿ ದೊರೆತ, ಸುಮಾರು 32 ಲಕ್ಷ ವರ್ಷ ಹಳೆಯದಾದ ಲೂಸಿ ಎಂಬ ಪಳೆಯುಳಿಕೆಯ ಪ್ರಭೇದ ನಮ್ಮ ನೇರ ಪೂರ್ವಜವೋ ಪಕ್ಕದ ಕವಲೋ ಎಂಬ ಚರ್ಚೆ ಮುಗಿದಿಲ್ಲ. ಇದು ವಂಶವೃಕ್ಷದ ಕೊಂಬೆಗಳ ಕುರಿತ ಚರ್ಚೆ, ವೃಕ್ಷವೇ ಇಲ್ಲವೆಂಬ ವಾದವಲ್ಲ.

ಆದ್ದರಿಂದ ಮಾನವ ವಿಕಾಸದ ಪಾಠವನ್ನು ಪಠ್ಯದಲ್ಲಿ ಉಳಿಸಿ, ಪಿಲ್ಟ್‌ಡೌನ್ ಪ್ರಕರಣವನ್ನೂ ಅದರಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಒಂದು ವೇಳೆ ಕೈಬಿಡುವುದೇ ತಮ್ಮ ತೀರ್ಮಾನವಾದರೆ, ಮೇಲಿನ ಸಾಕ್ಷ್ಯದಲ್ಲಿ ಕಂಡ ದೋಷವೇನೆಂಬುದನ್ನು ಲಿಖಿತವಾಗಿ ಪ್ರಕಟಿಸಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕ