ಹಗ್ಗಕ್ಕೆ ನೇತಾಡುವ ಮುಖಗಳು

ಮಾನ್ಯರೇ,

ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಿನಿಮಾ ಪತ್ರಿಕೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ, ಒಂದರ ಮೇಲೊಂದು ಅರೆಮುಚ್ಚಿದಂತೆ ತೂಗುಹಾಕುತ್ತಿದ್ದರು. ಕಾಣುತ್ತಿದ್ದುದು ಮೇಲಿನ ನಾಲ್ಕು ಬೆರಳಷ್ಟು ಜಾಗ ಮಾತ್ರ. ಪತ್ರಿಕೆಯ ಹೆಸರು ಅಲ್ಲಿರಬೇಕು, ಅದರ ಕೆಳಗೇ ನಟಿಯ ಕಣ್ಣು ನೇರ ನಮ್ಮನ್ನೇ ನೋಡಬೇಕು. ತಲೆಗೂದಲು ಹೆಸರಿನ ಒಂದೆರಡು ಅಕ್ಷರ ಮುಚ್ಚಿದ್ದರೆ ಅದು ಜನಕ್ಕೆ ಗುರುತಿರುವ ಪತ್ರಿಕೆ ಎಂದೇ ಲೆಕ್ಕ. ಹೊಸಬರಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಯಾವ ಓದುಗನಿಗೆ ಬಲೆ ಎಂಬುದೂ ಮುಖಪುಟದಲ್ಲೇ ಗೊತ್ತಾಗುತ್ತದೆ. 1952ರಲ್ಲಿ ಶುರುವಾದ ‘ಫಿಲ್ಮ್‌ಫೇರ್’ ಮೊದಲ ಸಂಚಿಕೆಗೆ ನಟಿ ಕಾಮಿನಿ ಕೌಶಲ್ ಮುಖವನ್ನು ಹಾಕಿತು. 1971ರಲ್ಲಿ ಬಂದ ‘ಸ್ಟಾರ್‌ಡಸ್ಟ್’, ರಾಜೇಶ್ ಖನ್ನಾ ಗುಟ್ಟಾಗಿ ಮದುವೆಯಾಗಿದ್ದಾರೆಯೇ ಎಂದು ಮೊದಲ ಮುಖಪುಟದಲ್ಲೇ ಕೇಳಿಬಿಟ್ಟಿತು. ಉತ್ತರ ಬೇಕಿದ್ದವರು ಕಾಸು ಬಿಚ್ಚಬೇಕು! ಮುಖ ನೋಡಿ ಕೊಳ್ಳುವವರು ಬೇರೆ, ಪ್ರಶ್ನಾರ್ಥಕ ಚಿಹ್ನೆ ನೋಡಿ ಕೊಳ್ಳುವವರು ಬೇರೆ.

ನಮ್ಮ ಮನೆಗೆ ‘ರೂಪತಾರಾ’ ಬರುತ್ತಿತ್ತು. ಅಕ್ಕ ಅದರ ಮುಖಪುಟ ಕಿತ್ತು ನೋಟ್‌ಬುಕ್ಕಿಗೆ ಬೈಂಡ್ ಹಾಕುತ್ತಿದ್ದಳು. ಮುಖದ ಮೇಲೆ ಅಕ್ಷರ ಬಿದ್ದಿದ್ದರೆ ಅವಳಿಗೆ ಬೇಡ. ಅವಳಿಗೆ ಹಿಡಿಸಿದ ಎಷ್ಟೋ ಸಂಚಿಕೆ ಮುಖಪುಟವಿಲ್ಲದೆ ಬರೇ ಮೈಯಲ್ಲಿ ಉಳಿದಿವೆ.

ಮೊನ್ನೆ ಕೈಗೆ ಸಿಕ್ಕ ಪತ್ರಿಕೆಯೊಂದರಲ್ಲಿ ನಾಯಕನ ಕೆನ್ನೆಯ ಮೇಲೆ ಹಳದಿ ಅಕ್ಷರ, ಎದೆಯ ಮೇಲೆ ಕೆಂಪು, ಮೂಲೆಯಲ್ಲೊಂದು ನಕ್ಷತ್ರ. ಎಣಿಸಿದೆ: ಒಂಬತ್ತು ಶೀರ್ಷಿಕೆ. ವಿನ್ಯಾಸಕರು ಅಕ್ಕನಂಥವರನ್ನು ಮರೆತು ಯೂಟ್ಯೂಬ್ ಥಂಬ್‌ನೇಲ್ ಮುಂದಿಟ್ಟುಕೊಂಡು ಕೂತಿದ್ದರೇನೋ.

— ಹಳೆಯ ಓದುಗ, ಶಿವಮೊಗ್ಗ